ಐವತ್ತು ವರ್ಷ ಹಿಂದಕ್ಕೆ ಹೋದ ಅಡುಗೆಮನೆ

ಸತ್ಯವ್ವನ ಅಡುಗೆಮನೆ ಐವತ್ತು ವರ್ಷ ಹಿಂದಕ್ಕೆ ಹೋದದ್ದು ಒಂದೇ ಮಧ್ಯಾಹ್ನದಲ್ಲಿ. ಊಟದ ಹೊತ್ತಿಗೆ ಅಲ್ಲಿ ಗ್ಯಾಸಿನ ಒಲೆ ಇತ್ತು, ಮಿಕ್ಸರ್ ಇತ್ತು, ನಿಂತು ಅಡುಗೆ ಮಾಡುವ ಕಟ್ಟೆ ಇತ್ತು, ಗೋಡೆಗೆ ನಳ ಇತ್ತು. ಸಂಜೆ ಎಮ್ಮೆ ಹಿಂಡುವ ಹೊತ್ತಿಗೆ ಒಂದೂ ಇರಲಿಲ್ಲ.

ದೊಡವಾಡಕ್ಕೆ ಸಿನೆಮಾದವರು ಬಂದಿದ್ದರು. ನಗಿಸುವ ಸಿನೆಮಾ. ಕಥೆ ಹೀಗಿತ್ತು: ಎರೆಹೊಲಗಳಲ್ಲಿ ಗತ್ತಿನಿಂದ ಓಡಾಡುತ್ತಿದ್ದ ಎರೆಭೂತ ಎಂಬ ದೊಡ್ಡ ಹಕ್ಕಿ ಮುಂದೊಂದು ಕಾಲಕ್ಕೆ ಲೋಕದಲ್ಲಿ ಒಂದೂ ಉಳಿದಿರುವುದಿಲ್ಲ. ಆಗ ಒಬ್ಬ ಡೊಳ್ಳುಹೊಟ್ಟೆಯ ವಿಜ್ಞಾನಿ ಮತ್ತು ಒಬ್ಬಳು ಚೂಟಿ ಹುಡುಗಿ ತಗಡಿನ ಯಂತ್ರವೊಂದರಲ್ಲಿ ಕೂತು ಹಿಂದಿನ ಕಾಲಕ್ಕೆ ಬಂದು, ತಿಪ್ಪೆಯಲ್ಲಿ ಬಿದ್ದು, ಎತ್ತಿನಿಂದ ಹಾಯಿಸಿಕೊಂಡು, ಕೊನೆಗೆ ಹಕ್ಕಿಯನ್ನು ಉಳಿಸಿಕೊಂಡು ಹೋಗುತ್ತಾರೆ. ಮುಂದಿನ ಕಾಲ ತೋರಿಸುವುದಕ್ಕೆ ನವಿಲುತೀರ್ಥದ ಆಣೆಕಟ್ಟು ಸಾಕಾಗಿತ್ತು. ಹಿಂದಿನ ಕಾಲಕ್ಕೆ ಒಂದು ಮನೆ ಬೇಕಿತ್ತು. ಸತ್ಯವ್ವನ ಮನೆ ಹೊರಗಿನಿಂದ ಹಳೆಯದೇ. ಮಣ್ಣಿನ ಗೋಡೆ, ದಪ್ಪ ಕಂಬ, ತಲೆ ಬಗ್ಗಿಸಿ ಹೋಗುವ ಬಾಗಿಲು. ಒಳಗೆ ಅಡುಗೆಮನೆ ಒಂದೇ ಹೊಸದು.

ಆ ಒಂದು ಹೊಸದಕ್ಕಾಗಿ ಅವಳು ಮದುವೆಯಾದಾಗಿನಿಂದ ಕೇಳಿದ್ದಳು. ಬಾಣಂತನದ ನಂತರ ಮೊಣಕಾಲು ಮಡಚಿದರೆ ನೆಟ್ಟಗಾಗುತ್ತಿರಲಿಲ್ಲ. ಕೂತು ಬಡಿದ ರೊಟ್ಟಿಯ ಲೆಕ್ಕ ಯಾರೂ ಇಡುವುದಿಲ್ಲ, ಮೊಣಕಾಲು ಇಡುತ್ತದೆ. ಮಿಕ್ಸರ್ ಅವಳ ಎಮ್ಮೆಯ ಹಾಲಿನ ದುಡ್ಡಿನದು. ಕಟ್ಟೆಯ ಮೇಲಿನ ಕರಿಕಲ್ಲನ್ನು ತಾನೇ ಬೈಲಹೊಂಗಲಕ್ಕೆ ಹೋಗಿ, ಕೈಯಾಡಿಸಿ ನೋಡಿ ಆರಿಸಿ ತಂದಿದ್ದಳು. ಅಡುಗೆ ಮುಗಿದ ಮೇಲೆ ಆ ಕಲ್ಲನ್ನು ಒರೆಸುವಾಗ ಅವಳು ಹಾಡುತ್ತಿದ್ದದ್ದನ್ನು ಓಣಿಯವರೆಲ್ಲ ಕೇಳಿದ್ದರು.

ಕಟ್ಟೆ ಒಡೆಯುತ್ತಾರೆ ಎಂದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಒಡದ ಮ್ಯಾಲ ಕಟ್ಟೋರ್ಯಾರು?"

"ಅವರ ಕಟ್ಟಿಸಿಕೊಡ್ತಾರ. ಇದ್ದಂಗ ಮಾಡಿ ಹೋಗೂದು ಅವರ ಜವಾಬ್ದಾರಿ," ಎಂದ ಗಂಡ ಲಕ್ಷ್ಮಣ. ಚಾವಡಿಯಲ್ಲಿ ಆಗಲೇ ಅವನನ್ನು ಜನ ಹೀರೊ ಎಂದು ಕರೆಯತೊಡಗಿದ್ದರು.

"ಅವರ ಮಾತ ಬ್ಯಾಡ. ನಿಮ್ಮ ಮಾತ ಹೇಳ್ರಿ."

"ಎಲ್ಲವ್ವನ ಆಣಿ! ಸಾಕೇನ? ಒಂದ ಒಲಿಗೆ ಎಷ್ಟ ಜಗ್ಗಾಡ್ತಿ?"

ಸಿನೆಮಾದ ಮನೆ, ಸಾಮಾನುಗಳನ್ನೆಲ್ಲ ಅಣಿ ಮಾಡುವವಳು ಮಧು ಎಂಬ ಬೆಂಗಳೂರಿನ ಹುಡುಗಿ. ಅವಳು ಸತ್ಯವ್ವನ ಕೈ ಹಿಡಿದು ಹೇಳಿದಳು: "ಅಕ್ಕ, ಎಲ್ಲಾದರದ್ದೂ ಫೋಟೊ ತೆಗೆದಿಟ್ಟಿದೀನಿ. ಹೋಗುವಾಗ ಒಂದು ಮೊಳೆಯೂ ಆಚೀಚೆ ಆಗಲ್ಲ."

ಸತ್ಯವ್ವ ಸರಿದು ನಿಂತಳು. ಗ್ಯಾಸಿನ ಒಲೆ, ಸಿಲಿಂಡರ್, ಮಿಕ್ಸರ್ ಜೋಪಾನವಾಗಿರಲೆಂದು ರಾಮದುರ್ಗದಲ್ಲಿದ್ದ ನಾದಿನಿ ಭಾಗೀರಥಿಯ ಮನೆ ಸೇರಿದವು.

ಮಧು ತಂದಿದ್ದ ಒಲೆ ಪ್ಲಾಸ್ಟರಿನದು. ಬೆಂಕಿ ತಗುಲಿದ್ದೇ ಚಟ್ಟೆಂದು ಸೀಳಿತು. ಹುಡುಗಿ ಅಳುವ ಮುಖ ಮಾಡಿ ಕೂತಳು. ಸತ್ಯವ್ವನಿಗೆ ಪಾಪ ಅನಿಸಿತು. ಎರೆಮಣ್ಣು ನಾದಿ, ಹೊಟ್ಟು ಕಲಸಿ, ತಾನೇ ಒಲೆ ಹಾಕಿಕೊಟ್ಟಳು. ಒಣಗಿದ ಮೇಲೆ ಸಗಣಿ ಸಾರಿಸಿದಳು. ಹೊತ್ತಿಸುವ ಮುಂಚೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು ಕೈ ಮುಗಿದಳು. ಹೊಸ ಒಲೆಯ ಮುಂದೆ ಕೂತಾಗ ಕೈ ತಾನಾಗಿಯೇ ಮಾಡಿದ ಕೆಲಸ ಅದು. ಇದು ಸಿನೆಮಾದ ಒಲೆ, ನಾಕು ದಿನದ ಒಲೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಪಡಸಾಲೆಯಲ್ಲಿ ಕೂತಿದ್ದ ಅತ್ತೆ ಬಾಯವ್ವ ನೋಡಿ ತಲೆಯಾಡಿಸಿದಳು. "ಚಲೋ ಆತು. ಪೂಜಿ ಇಲ್ಲದ ಒಲಿ ಹೊತ್ತಸಬಾರದು."

ಚಿತ್ರೀಕರಣ ನಡೆದಷ್ಟು ದಿನ ಸತ್ಯವ್ವ ಕ್ಯಾಮೆರಾಕ್ಕೆ ಬೆನ್ನು ಮಾಡಿ ಒಲೆ ಊದಿದಳು, ಬೀಸಿದಳು, ಅರೆದಳು, ಬಡಿದಳು. ಕ್ಯಾಮೆರಾ ನಿಂತ ಮೇಲೂ ಅದನ್ನೇ ಮಾಡಿದಳು, ಯಾಕೆಂದರೆ ಬಂದವರೆಲ್ಲರಿಗೂ ಒಲೆಯ ರೊಟ್ಟಿಯೇ ಬೇಕಾಗಿತ್ತು. ಅವಳ ಬೂದುಬಣ್ಣದ ಕೋಳಿಗೂ ಒಂದು ಪಾರ್ಟು ಸಿಕ್ಕಿತು. ಎರೆಭೂತ ಎಲ್ಲಿ ಸಿಗಬೇಕು? ಕಾವಿಗೆ ಕೂತ ಹಕ್ಕಿಯನ್ನು ಹುಲ್ಲಿನ ಮರೆಯಿಂದ ತೋರಿಸುವಾಗ ಕಂಡದ್ದು ಕೋಳಿಯ ಬೆನ್ನು.

"ಮನೀ ಒಡತಿದೂ ಬೆನ್ನ, ಕೋಳಿದೂ ಬೆನ್ನ," ಎಂದು ಸತ್ಯವ್ವ ನಕ್ಕಿದ್ದಳು. ಆಗ ನಗು ಬರುತ್ತಿತ್ತು.

ಲಕ್ಷ್ಮಣ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸಿನೆಮಾದವರ ಜೊತೆ ಉಣ್ಣುತ್ತ, "ಇನ್ನೊಂದ ಬಿಸೀದ ಹಾಕ," ಎನ್ನುತ್ತಿದ್ದ. ಅವನ ಅಜ್ಜ ಹೀಗೆಯೇ ಕೂರುತ್ತಿದ್ದನಂತೆ. ಡೊಳ್ಳುಹೊಟ್ಟೆಯ ನಟ ಹೇಳಿದ, "ಅಣ್ಣ, ನೀವು ಪುಣ್ಯವಂತರು." ಲಕ್ಷ್ಮಣ ಅಲ್ಲಗಳೆಯಲಿಲ್ಲ.

ಕೊನೆಯ ದಿನಗಳಲ್ಲಿ ನೇಸರಗಿಯಿಂದ ಫೋನ್ ಬಂತು. ತವರಿನಲ್ಲಿ ಅಣ್ಣನ ಮಗಳ ಸೀಮಂತ. ಸತ್ಯವ್ವ ಹೋಗಿ ಬರುವಷ್ಟರಲ್ಲಿ ಸಿನೆಮಾದವರು ಗಂಟುಮೂಟೆ ಕಟ್ಟಿದ್ದರು. ಕಟ್ಟೆ ಇದ್ದ ಜಾಗ ಸಪಾಟಾಗಿತ್ತು. ಮಣ್ಣಿನ ಒಲೆ ಹಾಗೇ ಕೂತಿತ್ತು.

"ಕೈ ಕೊಟ್ಟ ಹ್ವಾದ್ರು," ಎಂದ ಲಕ್ಷ್ಮಣ. "ಬೆಂಗಳೂರ ಮಂದಿ ಅಂದ್ರ ಹಂಗ."

"ಮತ್ತ ನಮ್ಮ ಗ್ಯಾಸು?"

"ಭಾಗೀರಥೀ ಸಿಲಿಂಡರ್ ತೀರೈತಂತ. ಸದ್ಯ ಅಕಿ ಇಟ್ಕೊಳ್ಳಲಿ ತಗೊ. ಕಟ್ಟೀನ ಇಲ್ಲ, ತಂದ ಎಲ್ಲಿಡ್ತಿ?"

ಸತ್ಯವ್ವ ಹಾರೆ ತಂದು ಒಲೆ ಒಡೆಯಲು ನಿಂತಳು. ಬಾಯವ್ವ ಕೂಗಿಕೊಂಡಳು. "ಏ ಹುಚ್ಚಿ! ಪೂಜಿ ಮಾಡಿದ ಒಲಿ ಒಡೀತಾರೇನ? ಮನಿಗೆ ಕೇಡ."

"ಅದು ಸಿನೆಮಾದ್ದರೀ ಅತ್ತಿ."

"ಪೂಜಿ ಸಿನೆಮಾದ್ದೇನ? ಕಾಯಿ ನೀನ ಒಡದಿಯಿಲ್ಲೋ?"

ಹಾರೆ ಮೂಲೆ ಸೇರಿತು.

ಮುಂದೆ ಹತ್ತಿಕಟ್ಟಿಗೆ ಹೊರುವುದು, ಮಳೆಗಾಲದಲ್ಲಿ ಅದನ್ನು ಒಣಗಿಸುವುದು, ಮಸಿ ಹಿಡಿದ ಪಾತ್ರೆಗಳನ್ನು ಬೂದಿ ಹಾಕಿ ತಿಕ್ಕುವುದು, ಚಟ್ನಿಗೆ ಕಲ್ಲು, ನೀರಿಗೆ ಅಂಗಳದ ನಳ. ಮೊಣಕಾಲಿಗೆ ರಾತ್ರಿ ಎಣ್ಣೆ, ಬೆಳಿಗ್ಗೆ ಮತ್ತೆ ಅದೇ ಒಲೆ. ಹಸಿ ಕಟ್ಟಿಗೆ ಹೊಗೆಯಾಡಿದಾಗಲೆಲ್ಲ ಅವಳು ಊದುಗೊಳವೆ ಬಾಯಿಂದ ತೆಗೆದು ಮಧುವನ್ನು ಬೈಯುತ್ತಿದ್ದಳು. ಅಕ್ಕಾ ಅಂತ ಕೈ ಹಿಡಿದಳಲ್ಲ, ಆ ಕೈಗೆ ಹುಳ ಬೀಳಲಿ. ಲಕ್ಷ್ಮಣ ರೊಟ್ಟಿ ಮುರಿಯುತ್ತ, "ಬಿಡ, ಹೋಗ್ಲಿ. ಬಾಯಿ ಯಾಕ ಹೊಲಸ ಮಾಡ್ಕೋತಿ," ಎಂದು ಸಮಾಧಾನ ಹೇಳುತ್ತಿದ್ದ.

ಸಿನೆಮಾ ತೆರೆಗೆ ಬಂದಾಗ ಮಧು ತಾನೇ ದೊಡವಾಡಕ್ಕೆ ಬಂದಳು. ಮನೆಯವರನ್ನೆಲ್ಲ ಬೈಲಹೊಂಗಲದ ಟಾಕೀಸಿಗೆ ಕರೆದೊಯ್ಯಲು ಗಾಡಿ ತಂದಿದ್ದಳು. ಲಕ್ಷ್ಮಣ ಕ್ಷೌರಕ್ಕೆ ಹೋಗಿದ್ದ. ಸತ್ಯವ್ವ ನೀರು ಕೊಡಲಿಲ್ಲ.

"ಯಾವ ಮುಖಾ ಹೊತ್ತ ಬಂದೀಯವ್ವಾ? ಒಂದ ಮೊಳಿ ಆಚೀಚೆ ಆಗೂದಿಲ್ಲಂತ ಹೇಳಿದಿ."

ಮಧು ಒಳಗೆ ಇಣುಕಿ, ಒಲೆ ನೋಡಿ, ಗೊಂದಲಗೊಂಡಳು. "ಅಕ್ಕ, ನೀವೇ ಬೇಡ ಅಂದ್ರಲ್ವಾ?"

"ನಾನು?"

"ಕಟ್ಟೆ ಕಟ್ಟೋಕೆ ಗೌಂಡಿ ಬಂದಿದ್ರಲ್ಲ ಅಕ್ಕ, ಹೊಸ ಕಲ್ಲು, ಸಿಮೆಂಟು ಎಲ್ಲ ತಗೊಂಡು. ನೀವು ತವರಿಗೆ ಹೋಗಿದ್ರಿ. ಲಕ್ಷ್ಮಣಣ್ಣ ವಾಪಸ್ ಕಳಿಸಿದ್ರು. ಸತ್ಯವ್ವಗೆ ಮಣ್ಣಿನ ಒಲೆಯೇ ಇಷ್ಟ, ಅವಳೇ ಪೂಜೆ ಮಾಡಿದ್ದಾಳೆ, ಒಡೆಯೋದು ಬೇಡ ಅಂತ ಹೇಳಿ ಹೋಗಿದ್ದಾಳೆ ಅಂದ್ರು. ನಂಗೂ ಖುಷಿ ಆಯ್ತು. ಎಷ್ಟು ಚೆನ್ನಾಗಿದೆಯಲ್ಲ, ಹೀಗೇ ಇರಲಿ ಅನ್ನಿಸ್ತು."

ಸತ್ಯವ್ವ ಅತ್ತೆಯತ್ತ ತಿರುಗಿದಳು. ಬಾಯವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಹಚ್ಚಿದ್ದಕ್ಕೇ ಮತ್ತೆ ಹಚ್ಚಿದಳು.

"ನೀವೂ ಇಲ್ಲೇ ಕುಂತಿದ್ರಿ, ಹೌದಲ್ರಿ ಅತ್ತಿ?"

"ಅವಾ ಕಳಿಸಿದಾ. ನಾ ಏನ ಅನ್ಲಿ? ನಾ ಜಲ್ಮ ಪೂರ್ತಿ ಊದೀನಿ, ನನ್ನ ಯಾರರ ಕೇಳಿದ್ರ?"

ಮೊಣಕಾಲಿನ ನೋವು ಸತ್ಯವ್ವನಿಗೆ ಗೊತ್ತಿದ್ದದ್ದೇ. ಇದು ಗೊತ್ತಿಲ್ಲದ ನೋವು. ಇಷ್ಟು ದಿನ ಊದಿ ಊದಿ ಬೈದದ್ದೆಲ್ಲ ಬೇರೆ ಯಾರಿಗೋ ಹೋಗಿ ಬಿದ್ದಿತ್ತು. ಬೈಯಿಸಿಕೊಳ್ಳಬೇಕಾದವನು ಎದುರಿಗೇ ಕೂತು, ಬಿಸಿ ರೊಟ್ಟಿ ಮುರಿಯುತ್ತ ಬಾಯಿ ಹೊಲಸು ಮಾಡಿಕೊಳ್ಳಬೇಡ ಎಂದಿದ್ದ. ಅದೂ ಅವಳ ಹೆಸರಿನಲ್ಲೇ ಬೇಡ ಅಂದಿದ್ದ. ಸಿನೆಮಾದವರ ಬಾಯಲ್ಲಿ ಅವಳು ಇವತ್ತಿಗೂ ಒಲೆಯನ್ನು ಪ್ರೀತಿಸುವ ಹೆಂಗಸು.

ಅವಳು ಮಧುವಿಗೆ ನೀರು ತಂದುಕೊಟ್ಟಳು. ಗಂಡ ಬಂದ. ಎಲ್ಲರೂ ಗಾಡಿ ಹತ್ತಿದರು.

ಟಾಕೀಸು ನಕ್ಕಿತು. ಡೊಳ್ಳುಹೊಟ್ಟೆಯವನು ತಿಪ್ಪೆಗೆ ಬಿದ್ದಾಗ ಶಿಳ್ಳೆ ಬಿದ್ದವು. ಬೆನ್ನು ಮಾಡಿ ಕೂತ ಹಿಂದಿನ ಕಾಲದ ಹೆಂಗಸೊಬ್ಬಳು ಹೊಗೆಯಲ್ಲಿ ಕೆಮ್ಮುತ್ತ ಊದುವಾಗ ಚೂಟಿ ಹುಡುಗಿ, "ಅಬ್ಬಾ, ಇಲ್ಲಿ ಒಂದು ದಿನ ಇರೋಕಾಗಲ್ಲ," ಎಂದು ಗುಂಡಿ ಒತ್ತಿ ಮುಂದಿನ ಕಾಲಕ್ಕೆ ಹೊರಟೇಹೋದಳು. ಮತ್ತೆ ನಗು. ಕೊನೆಯಲ್ಲಿ ಬೇಟೆಗಾರರು ಹುಲ್ಲು ಸರಿಸಿದಾಗ ಡೊಳ್ಳುಹೊಟ್ಟೆಯವನು ಅಡ್ಡ ನಿಂತ. "ಕಾವಿಗೆ ಕೂತ ಹಕ್ಕಿಯನ್ನು ಎಬ್ಬಿಸಬೇಡಿ! ಅದು ಎದ್ದರೆ ಮುಂದಿನ ಕಾಲವೇ ಇಲ್ಲ!"

"ನಮ್ಮ ಕೋಳಿ, ನಮ್ಮ ಕೋಳಿ!" ಎಂದು ಲಕ್ಷ್ಮಣ ಪಕ್ಕದವನ ತೊಡೆ ತಟ್ಟಿದ. ಸತ್ಯವ್ವ ಪರದೆಯ ಮೇಲಿನ ಬೂದುಬಣ್ಣದ ಬೆನ್ನನ್ನೇ ನೋಡುತ್ತಿದ್ದಳು.

ಆ ಕೋಳಿ ಈ ಸಲ ನಿಜವಾಗಿಯೇ ಕಾವಿಗೆ ಬಂದಿತ್ತು. ಎರಡು ದಿನದಿಂದ ಕಂಡಕಂಡಲ್ಲಿ ಮೈ ಉಬ್ಬಿಸಿ ಕೂರುತ್ತಿತ್ತು.

ಮರುದಿನ ಹೊಲದಿಂದ ಉಣ್ಣಲು ಬಂದ ಲಕ್ಷ್ಮಣ ಕೈಕಾಲು ತೊಳೆದು ಚಾಪೆ ಹಾಸಿಕೊಂಡು ಕೂತ. ಊಟದ ತಾಟು ಬರಲಿಲ್ಲ. ಎದ್ದು ಒಳಗೆ ನೋಡಿದ. ಒಲೆ ತಣ್ಣಗಿತ್ತು. ಅದರ ಬಾಯೊಳಗೆ, ಬೂದಿಯ ಮೇಲೆ ಹುಲ್ಲು ಹಾಸಿ, ತತ್ತಿಗಳನ್ನಿಟ್ಟು, ಅವುಗಳ ಮೇಲೆ ಕೋಳಿಯನ್ನು ಕೂಡಿಸಲಾಗಿತ್ತು. ಅದು ಅವನನ್ನು ನೋಡಿ ಕುರ್ರ್ ಎಂದಿತು.

"ಏನಿದು?"

"ಕಾವಿಗೆ ಕುಂತೈತ್ರಿ," ಎಂದಳು ಸತ್ಯವ್ವ, ಜೋಳ ಹಸನು ಮಾಡುತ್ತ.

"ಒಲ್ಯಾಗೇನ? ಬೇರೆ ಜಾಗಾ ಸಿಗಲಿಲ್ಲ?"

"ಇಲ್ಲಿದ್ದ ಕಟ್ಟೀ ಕೆಳಗ ಕೂಡಸ್ತಿದ್ದೆ ಮೊದಲ. ಈಗ ಕಟ್ಟೀ ಎಲ್ಲೈತಿ?"

"ಎತ್ತ ಅದನ್ನ."

"ನೀವ ಎತ್ರಿ. ನಾ ಬ್ಯಾಡ ಅಂದೇನಿ ಅಂತ ಮಂದಿ ಮುಂದ ಹೇಳಾಕ ನಿಮಗ ಬರತೈತಿ. ಇದನ್ನೂ ಕೋಳೀನ ಹೇಳ್ತು ಅಂತ ಹೇಳ್ರಿ."

ಅವನ ಮುಖ ಇಳಿಯಿತು. ಯಾರು ಹೇಳಿದರು ಎಂದು ಅವನು ಕೇಳಲಿಲ್ಲ. ತಾಯಿಯತ್ತ ತಿರುಗಿದ. "ಯವ್ವಾ, ಹೇಳ ಅಕಿಗೆ. ಒಲ್ಯಾಗ ಬೆಕ್ಕ ಮಲಗಬಾರದಂತಾರ, ಇಕಿ ಕೋಳಿ ಮಲಗಸ್ಯಾಳ!" ಎನ್ನುತ್ತಲೇ ಬಗ್ಗಿ ಕೈ ಚಾಚಿದ.

"ಮುಟ್ಟಬ್ಯಾಡ," ಎಂದಳು ಬಾಯವ್ವ. ಎಲೆಯ ಚೀಲ ಬದಿಗಿಟ್ಟಳು. "ಕಾವಿಗೆ ಕುಂತದ್ದನ್ನ ಸರಸಬಾರದು. ತತ್ತಿ ಕೆಡತಾವ."

"ಮತ್ತ ಉಣ್ಣೂದೇನ?"

ಬಾಯವ್ವ ಸೊಸೆಯನ್ನು ನೋಡಲಿಲ್ಲ. "ನಿನ್ನಿ ರೊಟ್ಟಿ ಅದಾವ ನೋಡ ಬುಟ್ಟ್ಯಾಗ," ಎಂದಳು ಮಗನಿಗೆ. ಸತ್ಯವ್ವನಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಅತ್ತೆ ತನ್ನ ಪರ ನಿಂತಳೋ, ಕೋಳಿಯ ಪರ ನಿಂತಳೋ ಅವಳಿಗೆ ತಿಳಿಯಲಿಲ್ಲ.

ಒಂದೆರಡು ದಿನ ಲಕ್ಷ್ಮಣ ಖಾನಾವಳಿಯಲ್ಲಿ ಉಂಡ. ಸತ್ಯವ್ವ, ಬಾಯವ್ವ ಚುರಮುರಿ, ಮೊಸರಿನಲ್ಲಿ ನೆನೆಸಿದ ಒಣ ಕಟಕ ರೊಟ್ಟಿ ತಿಂದುಕೊಂಡಿದ್ದರು. ಚಾವಡಿಯಲ್ಲಿ ಹೀರೊನ ಮನೆಯ ಒಲೆಯ ಸುದ್ದಿ ನಗೆಯಾಗಿ ಹಬ್ಬಿತು. ಆಮೇಲೆ ಅವನು ಬೆಳಗಿನ ಬಸ್ಸು ಹಿಡಿದು ರಾಮದುರ್ಗಕ್ಕೆ ಹೋದ. ಸಂಜೆ ಗ್ಯಾಸಿನ ಒಲೆ, ಸಿಲಿಂಡರ್, ಮಿಕ್ಸರ್ ಟಂಟಂ ಆಟೊದಲ್ಲಿ ಬಂದು ಇಳಿದವು. ಮಿಕ್ಸರಿನ ಮುಚ್ಚಳ ಸೀಳಿತ್ತು.

ಮೂರು ವಾರ ಕಳೆದು ಗೌಂಡಿ ಬಂದ ದಿನ ಹೊಲದಲ್ಲಿ ಕಳೆ ಕೀಳುವ ಕೆಲಸವಿತ್ತು. "ನೀ ನಡಿ, ಇಲ್ಲಿ ನಾ ನಿಂತ ಮಾಡಸ್ತೇನಿ," ಎಂದ ಲಕ್ಷ್ಮಣ.

ಸತ್ಯವ್ವ ಕಳೆ ತೆಗೆಯುವ ಕುರ್ಪಿಯನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಹಿಡಿದು ಹೊಲದ ಕಡೆ ಹೊರಟ. ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು. ಒಲೆಯಿಂದ ಆಗತಾನೇ ಹೊರಬಿದ್ದ ಮರಿಗಳು ಬೂದಿಯ ಮೈ ಕೊಡವುತ್ತ ಅವಳ ಪಾದದ ಸುತ್ತ ಓಡಾಡುತ್ತಿದ್ದವು.

"ಗೌಂಡಿಯವರ, ಈ ಮನ್ಯಾಗ ಸತ್ಯವ್ವ ಹಿಂಗ ಅಂದ್ಲು ಅಂತ ಯಾರರ ಬಂದ ಹೇಳಿದ್ರ ಕೇಳಬ್ಯಾಡ್ರಿ. ನನ್ನ ಬಾಯಿಂದ ಕೇಳ್ರಿ."

ಕಲ್ಲು ಕೂತು, ಸಿಮೆಂಟು ಆರುವವರೆಗೂ ಅವಳು ಅಲ್ಲಿಂದ ಏಳಲಿಲ್ಲ. ನೀರಡಿಕೆಯಾದರೂ ಏಳಲಿಲ್ಲ.