ಸೊಸೆಯ ಹನ್ನೊಂದು ಬಿಳಿ ಕೋಟುಗಳು

ನನ್ನ ಸೊಸೆಗೆ ಈ ವ್ಯಾಪಾರ ಹೊಳೆದದ್ದು ಬಾಯಿ ತೆರೆದುಕೊಂಡು ಮಲಗಿದ್ದಾಗ. ಹಲ್ಲು ತೋರಿಸಲು ಹೋಗಿದ್ದಳು. ಡಾಕ್ಟರಮ್ಮ ಗಿಡ್ಡಗೆ ದಪ್ಪಗಿದ್ದವರು. ಬಿಳಿ ಕೋಟಿನ ತೋಳನ್ನು ನಾಲ್ಕು ಮಡಿಕೆ ಮಡಿಸಿ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದರು. ಅದು ಎರಡು ಸಲ ಜಾರಿ ಇವಳ ಗಲ್ಲಕ್ಕೆ ಬಡಿಯಿತಂತೆ. ಮನೆಗೆ ಬಂದವಳು ಇನ್ನೂ ಜೋಮು ಬಿಡದ ತುಟಿಯಲ್ಲೇ ಶುರು ಮಾಡಿದಳು.

"ಅತ್ತೆ, ಅವರವರ ಮೈಗೆ ಸರಿಯಾಗಿ ಕೋಟು ಹೊಲಿದುಕೊಡೋರು ಯಾರೂ ಇಲ್ವಂತೆ! ಎಲ್ಲಾರೂ ಚೀಲಕ್ಕೆ ಕೈ ತೂರಿಸ್ಕೊಂಡು ಓಡಾಡ್ತಿದಾರೆ."

ಹನ್ನೊಂದು ವರ್ಷ ಕಂಪ್ಯೂಟರ್ ಕಂಪನಿಯಲ್ಲಿ ದುಡಿದವಳು ಅದಾದ ಮೂರೇ ತಿಂಗಳಲ್ಲಿ ರಾಜೀನಾಮೆ ಕೊಟ್ಟಳು. "ತಿಂಗಳ ಕೊನೆಯವರೆಗೂ ನಿಮ್ಮ ಕುರ್ಚಿ ಖಾಲಿ ಇಟ್ಟಿರ್ತೀವಿ, ಯೋಚನೆ ಮಾಡಿ" ಎಂದರಂತೆ ಅವಳ ಮೇಲಿನವರು. ಇವಳೂ ಒಂದು ಮಾತು ನಿಶ್ಚಯ ಮಾಡಿಕೊಂಡಳು. ಮೊದಲ ಆರ್ಡರು ದಾಟಿದರೆ ಹೊಲಿಗೆ, ದಾಟದಿದ್ದರೆ ಮೂವತ್ತನೇ ತಾರೀಖು ಮತ್ತೆ ಅದೇ ಕುರ್ಚಿ.

ಮೊದಲ ಆರ್ಡರು ಅದೇ ಹಲ್ಲಿನ ಆಸ್ಪತ್ರೆಯದು. ಹನ್ನೊಂದು ಜನ, ಹನ್ನೊಂದು ಕೋಟು.

ನಮ್ಮ ಮುಂದಿನ ಕೋಣೆಯ ಮಂಚ ಮಹಡಿ ಸೇರಿತು. ಕಿಟಕಿ ಪಕ್ಕ ನನ್ನ ಹೊಲಿಗೆ ಮೆಷಿನ್ನು, ಊಟದ ಮೇಜಿನ ಮೇಲೆ ಅವಳ ಕಂಪ್ಯೂಟರು. ಅಳತೆ ಒತ್ತಿದರೆ ಕೋಟಿನ ನಕ್ಷೆ ಕಾಗದದ ಮೇಲೆ ಪೂರಾ ಗಾತ್ರದಲ್ಲೇ ಬರುವಂತೆ ಮಾಡಿದ್ದಳು. ನಾನು ಸೀಮೆಸುಣ್ಣದಲ್ಲಿ ಒಂದು ತೋಳು ಗೀಚುವಷ್ಟರಲ್ಲಿ ಅದು ಹನ್ನೊಂದು ಕೋಟನ್ನೂ ಉಗುಳಿ ಸುಮ್ಮನಾಯಿತು. ನಿಜ ಹೇಳುತ್ತೇನೆ, ನನಗೂ ಹುಚ್ಚು ಹಿಡಿಯಿತು. ಎಪ್ಪತ್ತೊಂದನೇ ವಯಸ್ಸಿನಲ್ಲಿ ಬೆಳಿಗ್ಗೆ ಆಗುವುದನ್ನೇ ಕಾಯುತ್ತಿದ್ದೆ.

ಅಳತೆ ತೆಗೆಯಲು ಅವಳು ಒಯ್ದದ್ದು ನನ್ನ ಬಟ್ಟೆಯ ಟೇಪು. ಯಜಮಾನರು ಹೋದ ಮರು ತಿಂಗಳು ಕೊಂಡದ್ದು, ಮೂವತ್ತನಾಲ್ಕು ವರ್ಷವಾಯಿತು. ಮಗನನ್ನು ಓದಿಸಿದ್ದು ಅದರಿಂದಲೇ. "ಇದು ಅದೃಷ್ಟದ ಟೇಪು" ಎಂದು ಕೊರಳಿಗೆ ಹಾಕಿಕೊಂಡು ಹೊರಟಳು.

ಕತ್ತರಿಸುವಾಗ ನಮಗಿಬ್ಬರಿಗೂ ಜಟಾಪಟಿ. ಪಕ್ಕದ ಹೊಲಿಗೆಗೆ, ತೋಳಿನ ತುದಿಗೆ ಎರಡೆರಡು ಬೆರಳು ಬಟ್ಟೆ ಒಳಗೆ ಬಿಡಬೇಕೆಂದು ನಾನು.

"ಅರ್ಧ ಇಂಚು ಸಾಕು ಅತ್ತೆ. ಕಂಪ್ಯೂಟರ್ ಲೆಕ್ಕ ಹಾಕಿದೆ. ಬಟ್ಟೆ ದಂಡ."

"ನಿನ್ನ ಕಂಪ್ಯೂಟರ್ ಊಟ ಮಾಡುತ್ತೇನೇ? ಹಾಕ್ಕೊಳೋರು ಊಟ ಮಾಡ್ತಾರೆ."

ಅವಳು ನಕ್ಕು ಕತ್ತರಿ ನನ್ನ ಕೈಗಿಟ್ಟಳು. ಕಾಗದದ ಗೆರೆಯಿಂದ ಎರಡು ಬೆರಳು ಆಚೆಗೇ ಕತ್ತರಿಸಿದೆ.

ಇಪ್ಪತ್ತೆಂಟನೇ ತಾರೀಖು ಬೆಳಿಗ್ಗೆ ಹನ್ನೊಂದೂ ಕೋಟು ಹೊತ್ತು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಕೋಟು ತೊಟ್ಟು, ಗುಂಡಿ ಹಾಕಿಕೊಂಡು, ರೋಗಿಯ ಕುರ್ಚಿಯತ್ತ ಬಗ್ಗಿದರು. ಎರಡನೇ ಗುಂಡಿ ಹಾರಿ ಬಾಯಿ ಮುಕ್ಕಳಿಸುವ ಬಟ್ಟಲಿಗೆ ಟಣ್ಣನೆ ಬಿತ್ತು.

"ಮೂರು ವಾರದಲ್ಲಿ ನಾನು ಇಷ್ಟು ಊದಿದ್ನಾ?" ಎಂದರು ಅವರು. ಎಲ್ಲರೂ ನಕ್ಕರು. ಕಡ್ಡಿಯಂಥ ಕಾಂಪೌಂಡರು ಹಾಕಿಕೊಂಡ, ಅವನಿಗೂ ಬಿಗಿ. ಮೂರನೆಯವಳಿಗೂ ಬಿಗಿ, ಮಿಕ್ಕವರಿಗೂ ಅಷ್ಟೇ. ಸೊಸೆಯ ಮುಖ ಕೋಟಿಗಿಂತ ಬಿಳಿಯಾಯಿತು. "ಮುಗೀತು ಅತ್ತೆ" ಎಂದಳು ಸಣ್ಣ ದನಿಯಲ್ಲಿ. ಅವಳ ಕಣ್ಣಿಗೆ ಆ ಖಾಲಿ ಕುರ್ಚಿ ಕಾಣುತ್ತಿತ್ತು.

ನಾನು ಯೋಚಿಸಿದೆ. ಒಬ್ಬರು ದಪ್ಪ ಆಗಬಹುದು, ಹನ್ನೊಂದು ಜನ ಒಟ್ಟಿಗೇ ಆಗುವುದಿಲ್ಲ. ಮೇಜಿನ ಮೇಲಿದ್ದ ಸ್ಟೀಲ್ ಸ್ಕೇಲು ತೆಗೆದುಕೊಂಡು ಸೊಸೆಯ ಕೊರಳಲ್ಲಿದ್ದ ಟೇಪಿನ ಪಕ್ಕ ಹಿಡಿದೆ. ಟೇಪಿನ ಹನ್ನೆರಡು ಇಂಚು ಸ್ಕೇಲಿನ ಹನ್ನೆರಡನ್ನು ದಾಟಿ ಅರ್ಧ ಬೆರಳು ಮುಂದಿತ್ತು. ಎಳೆದೂ ಎಳೆದೂ ಟೇಪು ಉದ್ದವಾಗಿದೆ! ನಾನು ಅದರಲ್ಲೇ ಅಳೆದು ಅದರಲ್ಲೇ ಕತ್ತರಿಸುತ್ತಿದ್ದೆ. ಹಾಗಾಗಿ ತಪ್ಪಿಗೆ ತಪ್ಪು ಸರಿಹೋಗಿ, ಇಷ್ಟು ವರ್ಷ ಯಾರ ಬಟ್ಟೆಯೂ ಬಿಗಿಯಾಗಲಿಲ್ಲ. ಇವಳು ಅದರಲ್ಲಿ ಅಳೆದಳು, ಕಂಪ್ಯೂಟರು ನಿಜವಾದ ಇಂಚಿನಲ್ಲಿ ಬರೆಯಿತು.

"ನಿಮ್ಮ ಅದೃಷ್ಟದ ಟೇಪು!" ಎಂದು ಅವಳು ತಲೆ ಹಿಡಿದುಕೊಂಡಳು.

"ಹೆಸರಿಟ್ಟೋಳು ನೀನೇ" ಎಂದು ನಾನು ಕೋಟಿನ ಒಳಮೈ ತಿರುವಿ ತೋರಿಸಿದೆ. ಎರಡು ಬೆರಳು ಬಟ್ಟೆ ಅಲ್ಲಿ ಸುಮ್ಮನೆ ಮಲಗಿತ್ತು.

ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಎಷ್ಟು ಹೊತ್ತು ಬೇಕು ಅತ್ತೆ?"

"ಬಿಚ್ಚೋದು ನೀನು, ಹೊಲಿಯೋದು ನಾನು. ನಾಳೆ ಸಂಜೆ."

"ನಾಳೆ ಸಂಜೆ ಅಂದ್ರೆ ನಾಳೆ ಸಂಜೆ" ಎಂದರು ಡಾಕ್ಟರಮ್ಮ, ಗುಂಡಿಯನ್ನು ನಮ್ಮ ಕೈಗೆ ಕೊಟ್ಟು.

ಮಗ ರಜೆ ಹಾಕಿ ಇಸ್ತ್ರಿಗೆ ನಿಂತ. ಒಂದು ಕಾಲರು ಕೆಂಪಗೆ ಮಾಡಿದ್ದಕ್ಕೆ ಅವನನ್ನು ನೀರು ತರುವ ಕೆಲಸಕ್ಕೆ ಇಳಿಸಿದೆವು. ಆ ಕಾಲರು ಹೊಸದಾಯಿತು.

ಮರುದಿನ ಐದು ಗಂಟೆಗೆ ಡಾಕ್ಟರಮ್ಮ ಕೋಟು ತೊಟ್ಟು ಕೈ ಎತ್ತಿದರು, ಬಗ್ಗಿದರು, ಒಂದು ಸುತ್ತು ತಿರುಗಿದರು. ತೋಳು ಮಣಿಕಟ್ಟಿನಲ್ಲೇ ನಿಂತಿತು. ರಬ್ಬರ್ ಬ್ಯಾಂಡನ್ನು ಕಸದ ಬುಟ್ಟಿಗೆ ಎಸೆದರು.

"ನನ್ನ ತಂಗಿ ಆಸ್ಪತ್ರೇಲಿ ಹದಿನಾರು ಜನ ಇದಾರೆ. ಅಳತೆಗೆ ಯಾವಾಗ ಬರ್ತೀರಾ?"

ಸೊಸೆ ಮೆಟ್ಟಿಲ ಮೇಲೆ ನಿಂತೇ ಫೋನ್ ಹಚ್ಚಿದಳು. "ಸರ್, ಆ ಕುರ್ಚಿ ಯಾರಿಗಾದ್ರೂ ಕೊಟ್ಬಿಡಿ" ಎಂದವಳೇ ಎರಡೆರಡು ಮೆಟ್ಟಿಲು ಹಾರುತ್ತಾ ಇಳಿದಳು. ನಾನು ಕಟಕಟೆ ಹಿಡಿದು ಹಿಂದೆ.

"ಬೇಗ ಬನ್ನಿ ಅತ್ತೆ! ಅಂಗಡಿ ಮುಚ್ಚೋದರೊಳಗೆ ಹೊಸ ಟೇಪ್ ತಗೋಬೇಕು."

"ಸ್ಕೇಲೂ ತಗೊಳೇ" ಎಂದು ಕೂಗಿದೆ.