ಪಿಳ್ಳಪ್ಪ ಮಾಮನ ಬೆವರು

ಡಿಸೆಂಬರ್ ತಿಂಗಳ ಬೆಳಗಿನ ಏಳು ಗಂಟೆ. ದೇವನಹಳ್ಳಿ ಪಕ್ಕದ ನಮ್ಮ ವಿಜಯಪುರದಲ್ಲಿ ಹಾಲು ತರಲು ಹೊರಟವರೂ ತಲೆಗೆ ಮಫ್ಲರ್ ಸುತ್ತಿಕೊಂಡಿರುವ ಹೊತ್ತು. ನಮ್ಮ ಎದುರು ಮನೆಯ ಪಿಳ್ಳಪ್ಪ ಮಾಮ ಮಾತ್ರ ಬನಿಯನ್ನಿನಲ್ಲಿ ಜಗಲಿಯ ಮೇಲೆ ಕೂತು, ಯಾರದೋ ಮದುವೆಯ ಲಗ್ನಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಎದೆಯಿಂದ ಕತ್ತಿಗೆ, ಕತ್ತಿನಿಂದ ಕಿವಿಗೆ ಕೆಂಪು ಏರುತ್ತಿತ್ತು. ಹಣೆಯಿಂದ ಬೆವರು ಇಳಿದು ಮೀಸೆಯ ತುದಿಯಲ್ಲಿ ನಿಲ್ಲುತ್ತಿತ್ತು. ಐದು ನಿಮಿಷ ಕಳೆದರೆ ಅದೇ ಮನುಷ್ಯ ಕಂಬಳಿ ಹೊದ್ದು ನಡುಗುತ್ತಿದ್ದರು. ಅವರ ತಲೆಯ ಮೇಲೆ, ತಾರಸಿಯ ಅಂಚಿನಲ್ಲಿ, ಹಿಂದಿನ ರಾತ್ರಿ ಒದ್ದೆಯಾದ ಹಾಸಿಗೆಯ ಬಟ್ಟೆ ಒಣಗುತ್ತಿತ್ತು. ಬೀದಿಯವರೆಲ್ಲ ಅದನ್ನು ನೋಡಿ ನಗುತ್ತಿದ್ದರು. ನಕ್ಕವರಲ್ಲಿ ನಾನೂ ಒಬ್ಬಳು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಇಲ್ಲಿ ಬರುವ ಸಿಟ್ಟಿನಲ್ಲಿ ನನ್ನ ಮೇಲಿನದೂ ಇದೆ.

ಮಾಮ ನಮಗೆ ನೆಂಟರಲ್ಲ. ಎದುರು ಮನೆ ಅಷ್ಟೆ. ನಲವತ್ತು ವರ್ಷ ರೇಷ್ಮೆ ಬಿಚ್ಚಿದವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಸುಡುನೀರಿನ ಬೇಸಿನ್‌ಗಳು, ಅವುಗಳಲ್ಲಿ ತೇಲುವ ಗೂಡು, ಗೂಡಿನಿಂದ ಎಳೆ ಹುಡುಕಿ ತೆಗೆಯುವ ಬೆರಳು. ಆ ಬೆರಳುಗಳ ತುದಿ ಬೆಂದು ಬೆಂದು ಗೆರೆಗಳೇ ಅಳಿಸಿಹೋಗಿದ್ದವು. ಪಡಿತರ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಂದು ದಿನವೂ ಒಪ್ಪಲಿಲ್ಲ. ‘ನಾನೇ ಪಿಳ್ಳಪ್ಪ ಅಂತ ಹೇಳೋಕೆ ಹೆಂಡ್ತೀನ ಕರ್ಕೊಂಡೋಗ್ಬೇಕು ನೋಡು’ ಎಂದು ನಗುತ್ತಿದ್ದರು.

ಗೂಡಿನ ಮಾರುಕಟ್ಟೆಯಲ್ಲಿ ಅವರನ್ನು ನೋಡಬೇಕಿತ್ತು. ಬೇರೆಯವರು ರಾಶಿಯ ಮೇಲಿನ ಗೂಡಿನ ಬಣ್ಣ ನೋಡಿ ಹರಾಜು ಕೂಗಿದರೆ, ಮಾಮ ಮೇಲ್ಭಾಗಕ್ಕೆ ಕಣ್ಣನ್ನೂ ಹಾಯಿಸುತ್ತಿರಲಿಲ್ಲ. ಮೊಣಕೈವರೆಗೆ ಕೈ ತೂರಿಸಿ ತಳದಿಂದ ಒಂದು ಹಿಡಿ ಎತ್ತುವರು. ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಗಟ್ಟಿಯಿದೆಯೋ ಕರಗಿದೆಯೋ ಹೇಳಿಬಿಡುವರು. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಜೊತೆಗೆ ಹೋಗಿದ್ದೆ. ಆಗ ಹೇಳಿದ್ದು ಇದು: ‘ಮೇಲ್ಗಡೆ ಇರೋದು ನಿನಗೆ ತೋರ್ಸೋಕೆ ಇಟ್ಟಿರೋದು ಕಣಮ್ಮ. ತಳದಾಗಿರೋದು ನಿನಗೆ ಮಾರೋಕೆ.’ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಎದುರಾಳಿಯ ಮಾತನ್ನು ಕೆದಕಿ ಕೆದಕಿ ಬುಡಮೇಲು ಮಾಡುತ್ತಿದ್ದದ್ದರ ಹಿಂದೆ ಯಾವ ಮೇಷ್ಟರೂ ಇರಲಿಲ್ಲ. ಈ ಮಾತು ಇತ್ತು.

ನಾನು ಕಪ್ ಗೆದ್ದು ತಂದಾಗಲೆಲ್ಲ ಅವರಿಗೆ ತೋರಿಸಬೇಕಿತ್ತು. ನನ್ನನ್ನು ‘ಲಾಯರಮ್ಮ’ ಎಂದೇ ಕರೆಯುತ್ತಿದ್ದರು; ನಾನು ಓದಿದ್ದು ಬಿ.ಕಾಂ. ಒಮ್ಮೆ ಕೇಳಿದರು, ‘ಇವತ್ತು ಯಾವ ಕಡೆ ಮಾತಾಡ್ದೆ?’

‘ಪರ, ಮಾಮ.’

‘ಹೋದ ಸಲ?’

‘ಅದೇ ವಿಷಯ, ವಿರೋಧ.’

‘ಸರಿಹೋಯ್ತು. ನಿನ್ನ ಕಡೆ ಯಾವಾಗ ಮಾತಾಡ್ತೀಯ?’

ಜಿಲ್ಲೆಯ ಯಾವ ತೀರ್ಪುಗಾರರೂ ನನಗೆ ಈ ಪ್ರಶ್ನೆ ಹಾಕಿರಲಿಲ್ಲ.

ಬೆವರು ಶುರುವಾದದ್ದು ಅವರು ಶೆಡ್ಡನ್ನು ಬೇರೆಯವರಿಗೆ ಬಿಟ್ಟುಕೊಟ್ಟ ವರ್ಷ. ಆದ್ದರಿಂದ ಕಾರಣ ಏನೆಂದು ರೇಷ್ಮೆ ಬಿಚ್ಚುವ ಊರಿನ ರೀಲರುಗಳಿಗೆಲ್ಲ ಆ ಕ್ಷಣವೇ ಗೊತ್ತಾಗಿಬಿಟ್ಟಿತು. ನಲವತ್ತು ವರ್ಷ ಬೇಸಿನ್ ಮುಂದೆ ಕೂತವನ ಮೈಗೆ ಬಿಸಿ ಹತ್ತಿರುತ್ತದೆ, ಕೆಲಸ ನಿಂತ ಮೇಲೆ ಅದು ಹೊರಗೆ ಬರುತ್ತದೆ. ಇಷ್ಟೇ. ಹಬೆಯಲ್ಲಿ ಬೆಂದ ಜನಕ್ಕೆ ಇದಕ್ಕಿಂತ ಸರಳವಾದ ಮಾತು ಯಾವುದಿದೆ? ಮಾಮನೂ ನಂಬಿದರು. ನೆತ್ತಿಗೆ ಹರಳೆಣ್ಣೆ, ಬೆಳಿಗ್ಗೆ ಮೆಂತ್ಯದ ನೀರು, ಮಧ್ಯಾಹ್ನ ರಾಗಿ ಅಂಬಲಿ. ಕೋಳಿ ಬಿಟ್ಟರು, ಮಾವಿನಹಣ್ಣು ಬಿಟ್ಟರು. ಬೆವರು ಬಿಡಲಿಲ್ಲ. ರಾತ್ರಿಗೆ ಮೂರು ಬನಿಯನ್ ಬದಲಾಯಿಸಬೇಕಾದವನಿಗೆ ನಿದ್ದೆ ಎಲ್ಲಿಯದು? ದೇವನಹಳ್ಳಿಗೆಂದು ಬಸ್ಸು ಹತ್ತಿದವರು ನಿದ್ದೆ ಹೋಗಿ ಬೆಂಗಳೂರಿನಲ್ಲಿ ಇಳಿದು ಬಂದರು. ಯಾರ ಮೇಲೂ ದನಿ ಏರಿಸದ ಮನುಷ್ಯ ಒಂದು ದಿನ ಊಟದ ತಟ್ಟೆ ಎಸೆದರು. ಎಸೆದು, ತಾವೇ ಕೂತು ಅನ್ನ ಬಳಿದರು.

ಸರಿಯಾದ ಮಾತು ಹೇಳಿದವರು ಒಬ್ಬರೇ, ಅವರ ಹೆಂಡತಿ ಸರೋಜಮ್ಮ ಅತ್ತೆ. ಮುಟ್ಟು ನಿಲ್ಲುವ ಕಾಲದಲ್ಲಿ ತನಗೆ ಆಗುತ್ತಿದ್ದದ್ದೇ ಈಗ ಇವರಿಗೆ ಆಗುತ್ತಿದೆ, ಅದೇ ಕೆಂಪು, ಅದೇ ಬೆವರು, ಅದೇ ಆಮೇಲಿನ ಚಳಿ ಎಂದು ನಮ್ಮಮ್ಮನ ಮುಂದೆ ಹೇಳಿದರು. ಅಮ್ಮ ನಕ್ಕಳು. ನಾನು ನಕ್ಕೆ. ಮಾತು ಹೇಗೋ ಟೀ ಅಂಗಡಿಗೆ ಹೋಯಿತು. ಅಲ್ಲಿ ಒಬ್ಬ, ‘ಏನ್ ಪಿಳ್ಳಪ್ಪಣ್ಣ, ಅಕ್ಕನಿಗೆ ನಿಂತಿದ್ದು ನಿನಗೆ ಶುರುವಾಯ್ತಂತೆ?’ ಎಂದ. ಅಂದಿನಿಂದ ಮಾಮ ಟೀ ಅಂಗಡಿಗೆ ಹೋಗುವುದನ್ನು ಬಿಟ್ಟರು. ಒಬ್ಬ ಹೆಂಗಸು ತನ್ನ ಮೈಯಲ್ಲಿ ಅನುಭವಿಸಿ ತಿಳಿದದ್ದನ್ನು ಹೇಳಿದಳು. ಅದನ್ನು ಇಡೀ ಊರು ಹಾಸ್ಯವೆಂದು ತೆಗೆದುಕೊಂಡಿತು. ಹಬೆಯ ಕಥೆಯನ್ನು ಮಾತ್ರ ವಿಜ್ಞಾನವೆಂದು ತೆಗೆದುಕೊಂಡಿತು.

ನಾನೇನು ಕಡಿಮೆ? ‘ಉಷ್ಣ’ ಎಂಬ ಪದ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಒಂದು ಸಂಜೆ ಅವರ ಜಗಲಿಯ ಮೇಲೆ ಕೂತು ವಾದಕ್ಕೆ ಇಳಿದೆ. ಮೈಯೇನು ಫ್ಲಾಸ್ಕೇ, ವರ್ಷಗಟ್ಟಲೆ ಬಿಸಿ ಹಿಡಿದಿಡಲು? ಹಾಗಿದ್ದರೆ ಊರಿನ ಉಳಿದ ರೀಲರುಗಳು ಯಾಕೆ ಬೆವರುತ್ತಿಲ್ಲ? ರಾತ್ರಿ ಬೆವರಿದರೆ ಕ್ಷಯ ಇರಬಹುದು ಎಂದು ಎಲ್ಲೋ ಓದಿದ್ದೆ. ಕೆಮ್ಮು ಇದೆಯಾ, ತೂಕ ಇಳಿದಿದೆಯಾ ಎಂದು ಪಾಟೀಸವಾಲು ಹಾಕಿದೆ. ಮಾಮ ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದರು. ಅವರು ಮುಗಿಸುವ ಮೊದಲೇ ನನ್ನ ಮುಂದಿನ ಅಂಶ ತಯಾರಿತ್ತು. ಕೊನೆಗೆ ಅವರು ಕೈಮುಗಿದು, ‘ನೀನು ಗೆದ್ದೆ ಬಿಡು ಲಾಯರಮ್ಮ’ ಎಂದರು. ಮರುದಿನ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಫ ಪರೀಕ್ಷೆ ಮಾಡಿಸಿದೆ. ಕ್ಷಯವಿರಲಿಲ್ಲ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಒಂದು ಟೇಬಲ್ ಫ್ಯಾನ್ ತಂದುಕೊಟ್ಟೆ.

ಮುಂದಿನ ಮಳೆಗಾಲಕ್ಕೆ ಬೆವರು ತಾನಾಗಿ ಕಡಿಮೆಯಾಯಿತು. ತಾರಸಿಯ ಮೇಲೆ ಬಟ್ಟೆ ಕಾಣಲಿಲ್ಲ. ಮಾಮ ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಮುಖದಲ್ಲಿ ಓಡಾಡಿದರು, ಕೋಳಿ ತಿಂದರು. ಹಬ್ಬದಂಥ ಎರಡು ಮೂರು ತಿಂಗಳು. ಆಮೇಲೆ ಸೊಂಟ ನೋವು ಬಂತು. ರೀಲರುಗಳಿಗೆ ಸೊಂಟ ನೋವು ಇದ್ದದ್ದೇ ಎಂದರು. ದೀಪಾವಳಿಯ ಹೊತ್ತಿಗೆ ಗೋಡೆ ಹಿಡಿಯದೆ ಏಳಲಾಗಲಿಲ್ಲ.

ಆಗ ಅತ್ತೆ ನನ್ನನ್ನು ಕರೆದು, ಬೀರುವಿನಲ್ಲಿ ಬಟ್ಟೆಯ ಕೆಳಗೆ ಸಿಕ್ಕಿತೆಂದು ಒಂದು ಫೈಲು ಕೊಟ್ಟರು. ಎಲ್ಲ ಇಂಗ್ಲಿಷ್. ಓದಿ ಹೇಳು ಎಂದರು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯದು. ಮಾಮನಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇತ್ತು. ಅದು ಬೆಳೆಯದಂತೆ ಗಂಡಸಿನ ಹಾರ್ಮೋನನ್ನು ತಡೆಯುವ ಸೂಜಿಯನ್ನು ಮೂರು ತಿಂಗಳಿಗೊಮ್ಮೆ ಕೊಡುತ್ತಿದ್ದರು. ಮನೆಯಲ್ಲಿ ‘ಮೂತ್ರದ ತೊಂದರೆ’ ಎಂದು ಹೇಳಿ ಒಬ್ಬರೇ ಹೋಗಿ ಹಾಕಿಸಿಕೊಂಡು ಬರುತ್ತಿದ್ದರು. ತಾರೀಖಿನ ಪಟ್ಟಿಯಲ್ಲಿ ಕೊನೆಯ ಎರಡು ಸರದಿಯ ಜಾಗ ಖಾಲಿ; ಹಾಕಿಸಿಕೊಂಡಿರಲಿಲ್ಲ. ಫೈಲಿನೊಳಗೆ ಸೂಜಿಯ ಡಬ್ಬಿಯಲ್ಲಿ ಬರುವ ಮಡಚಿದ ಕಾಗದವೂ ಇತ್ತು. ಇರುವೆ ಮೊಟ್ಟೆಯಷ್ಟು ಚಿಕ್ಕ ಅಕ್ಷರ. ಮೈ ಕಾವೇರುವುದು, ಬೆವರುವುದು, ನಿದ್ದೆಗೆಡುವುದು: ಮೂರೂ ಅದರಲ್ಲಿದ್ದವು. ನಾವು ಕ್ಷಯ, ಹಬೆ, ಉಷ್ಣ ಎಂದು ಕಿತ್ತಾಡುತ್ತಿದ್ದಾಗ ಉತ್ತರ ಅದೇ ಮನೆಯ ಬೀರುವಿನಲ್ಲಿ, ಯಜಮಾನನಿಗೆ ಬಾರದ ಭಾಷೆಯಲ್ಲಿ, ಮಡಚಿಕೊಂಡು ಕೂತಿತ್ತು.

‘ಯಾಕೆ ನಿಲ್ಲಿಸಿದ್ರಿ ಮಾಮ?’ ಎಂದು ಕೂಗಾಡಿದೆ. ಸೂಜಿ ಹಾಕಿಸಿಕೊಂಡ ಮೇಲೆಯೇ ಬೆವರು ಶುರುವಾದದ್ದು ಅವರಿಗೆ ನೆನಪಿತ್ತಂತೆ. ಕಫದಲ್ಲಿ ಏನೂ ಇಲ್ಲ ಎಂದು ಗೊತ್ತಾದ ಮೇಲೆ, ಹಬೆಯ ಮಾತನ್ನು ನಾನು ಹೊಡೆದುಹಾಕಿದ ಮೇಲೆ, ಉಳಿದದ್ದು ಸೂಜಿ ಒಂದೇ. ನಿಲ್ಲಿಸಿ ನೋಡಿದರು. ಬೆವರು ನಿಂತಿತು. ‘ಈ ಸೂಜಿ ನನಗೆ ವಿಷ ಆಗ್ತೈತೆ ಅಂತ ತಿಳ್ಕೊಂಡೆ. ತಪ್ಪಾ?’

ತಪ್ಪಲ್ಲ. ಅದೇ ನನಗೆ ಇವತ್ತಿಗೂ ತಡೆಯಲಾಗದ್ದು. ಅವರು ಯಾವ ಮೂಢನಂಬಿಕೆಗೂ ಬಲಿಯಾಗಲಿಲ್ಲ. ಒಂದೊಂದೇ ಕಾರಣ ತೆಗೆದು ಹಾಕಿ, ಪರೀಕ್ಷೆ ಮಾಡಿ, ಬೆವರಿಗೆ ಸೂಜಿಯೇ ಕಾರಣವೆಂದು ಸರಿಯಾಗಿಯೇ ಕಂಡುಹಿಡಿದರು. ಅದೇ ಸೂಜಿ ಅವರ ಜೀವ ಹಿಡಿದಿದೆ ಎಂಬ ಇನ್ನರ್ಧವನ್ನು ಅವರಿಗೆ ಅರ್ಥವಾಗುವ ಹಾಗೆ ಯಾರೂ ಹೇಳಿರಲಿಲ್ಲ. ‘ಮೂರು ತಿಂಗಳಿಗೊಂದು ಸಲ ಬನ್ನಿ’ ಎಂದಿದ್ದರಂತೆ, ಅಷ್ಟೇ.

ನನಗೆ ಯಾಕೆ ಹೇಳಲಿಲ್ಲ ಎಂದೆ.

‘ಕೆಮ್ಮು ಐತಾ ಅಂತ ಕೇಳ್ದೆ, ತೂಕ ಇಳ್ದೈತಾ ಅಂತ ಕೇಳ್ದೆ. ಏನಾದ್ರೂ ಔಷಧಿ ತಗೊಳ್ತಿದ್ದೀಯಾ ಅಂತ ಕೇಳ್ಲಿಲ್ವಲ್ಲಮ್ಮ’ ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ, ‘ಕೇಳಿದ್ರೂ ಹೇಳ್ತಿದ್ನೋ ಇಲ್ವೋ. ಆ ಜಾಗದ ಕಾಯ್ಲೇನ ಹೆಣ್ಮಗು ಹತ್ರ ಹೆಂಗೆ ಹೇಳ್ಲಿ?’ ಎಂದರು.

ಮರುದಿನ ಕಾರು ಮಾಡಿಕೊಂಡು ನಾನೇ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕಣ್ಣಲ್ಲಿ ನಿದ್ದೆಗೆಟ್ಟ ಆಯಾಸ, ಬಾಗಿಲಾಚೆ ಮುಗಿಯದ ಸಾಲು. ಕೆಟ್ಟವರಲ್ಲ. ಆದರೆ ಮೊದಲು ಮಾಡಿದ ಕೆಲಸವೆಂದರೆ ಒಪ್ಪಿಗೆ ಪತ್ರದಲ್ಲಿದ್ದ ಮಾಮನ ಸಹಿ ತೋರಿಸಿದ್ದು. ಎಲ್ಲವನ್ನೂ ಅದರಲ್ಲಿ ಬರೆದಿದೆ ಎಂದರು. ದಾರಿಯುದ್ದಕ್ಕೂ ನಾನು ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಬಾಯಿಗೆ ಬಂದವು. ಮಾಮ ನನ್ನ ಮೊಣಕೈ ಹಿಡಿದು ತಡೆದರು.

‘ಬೆವರಿಗೆ ಹೆದರೋನಲ್ಲ ಸ್ವಾಮಿ ನಾನು’ ಎಂದರು. ‘ಬೆವರು ಬರುತ್ತೆ, ಸೂಜಿ ಬಿಡ್ಬೇಡ ಅಂತ ಒಂದು ಮಾತು ಹೇಳಿದ್ರೆ ತಡ್ಕೊತಿದ್ದೆ.’

ಡಾಕ್ಟರು ಒಪ್ಪಿಗೆ ಪತ್ರವನ್ನು ಮತ್ತೆ ಫೈಲಿನೊಳಗೆ ಇಟ್ಟರು. ಆಮೇಲೆ, ಈ ಸೂಜಿ ಪಡೆಯುವ ಬಹಳ ಜನರಿಗೆ ಹಾಗಾಗುತ್ತದೆ, ಪೂರ್ತಿ ಹೋಗದಿದ್ದರೂ ಕಡಿಮೆ ಮಾಡಲು ಮಾತ್ರೆ ಇದೆ, ರಾತ್ರಿ ನಿದ್ದೆಗೂ ಅನುಕೂಲವಾಗುತ್ತದೆ ಎಂದು ಹೇಳಿ ಚೀಟಿ ಬರೆದರು.

ಮಾಮ ಆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ‘ಇದಕ್ಕೆ ಮಾತ್ರೆ ಇತ್ತಾ?’ ಎಂದರು.

ಸೂಜಿ ಮತ್ತೆ ಶುರುವಾಯಿತು. ಅಷ್ಟರಲ್ಲಿ ಕಾಯಿಲೆ ಬೆನ್ನುಮೂಳೆಗೆ ಇಳಿದಿತ್ತು. ಯುಗಾದಿಗೆ ಮಾಮ ಇರಲಿಲ್ಲ. ಕಾಯಿಲೆ ಬೇಗ ಸಿಕ್ಕಿದ್ದರೆ, ಸೂಜಿ ಬಿಡದೆ ಹಾಕಿಸಿದ್ದರೆ ಎಷ್ಟು ವರ್ಷ ಇರುತ್ತಿದ್ದರು ಎಂದು ನಾನು ಕೇಳಿದ್ದಕ್ಕೆ ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಅದು ಅವರ ತಪ್ಪಲ್ಲದಿರಬಹುದು. ಆದರೆ ಒಂದು ಮಾತಿಗೆ ಬೇಕಾದ ಅರ್ಧ ನಿಮಿಷ ಅವರಲ್ಲಿ ಇರಲಿಲ್ಲ ಎಂಬುದನ್ನು ನಾನು ಯಾವ ವೇದಿಕೆಯಲ್ಲೂ ಒಪ್ಪುವುದಿಲ್ಲ. ಇದರಲ್ಲಿ ನನಗೆ ಎರಡು ಕಡೆ ಇಲ್ಲ.

ನಾನು ಅವರನ್ನು ನಿಂತ ನಿಲುವಿನಲ್ಲಿ ಕೊನೆಯದಾಗಿ ಕಂಡದ್ದು ಡಾಕ್ಟರು ಚೀಟಿ ಬರೆದ ಆ ದಿನವೇ, ಸೂಜಿ ಕೊಡುವ ಕೋಣೆಯ ಹೊರಗೆ. ಉದ್ದ ಬೆಂಚು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಏಳೆಂಟು ಗಂಡಸರು, ಒಬ್ಬರ ಮುಖ ಒಬ್ಬರು ನೋಡದೆ, ಕೈಯಲ್ಲಿ ಫೈಲು ಹಿಡಿದು ಕೂತಿದ್ದರು. ಮಾಮ ಸೂಜಿ ಹಾಕಿಸಿಕೊಂಡು ಹೊರಗೆ ಬಂದವರು, ನಾನು ‘ಕಾರು ಕಾಯ್ತಾ ಇದೆ’ ಎನ್ನುತ್ತಿದ್ದರೂ ಗೋಡೆಗೆ ಒರಗಿ ನಿಂತುಬಿಟ್ಟರು.

‘ಎಲ್ರಿಗೂ ಇದೇ ಸೂಜೀನಾ?’ ಎಂದು ಗೂಡಿನ ಮಾರುಕಟ್ಟೆಗೆ ಕೇಳಿಸುವಂಥ ದನಿಯಲ್ಲಿ ಕೇಳಿದರು. ‘ರಾತ್ರಿ ಬೆವರ್ತದಾ?’

ಯಾರೂ ತಲೆ ಎತ್ತಲಿಲ್ಲ. ನರ್ಸಮ್ಮ ಕೋಣೆಯಿಂದ ಇಣುಕಿ ನೋಡಿದರು. ನನಗೆ ಎಲ್ಲಿಗಾದರೂ ಓಡಿಹೋಗೋಣ ಎನಿಸಿತು; ಸಾವಿರ ಜನರ ಮುಂದೆ ಮಾತಾಡಿದವಳು ನಾನು.

‘ನನಗೆ ಬೆವರ್ತದೆ’ ಎಂದರು ಮಾಮ. ‘ಹಾಸಿಗೆ ಒದ್ದೆ ಆಗ್ತದೆ. ಮೈ ಕೆಂಪಗಾಗ್ತದೆ, ಹೆಂಗಸ್ರಿಗೆ ಆದಂಗೆ. ನನ್ನ ಹೆಂಡ್ತಿ ಹೇಳಿದ್ಲು, ನಾನು ಕೇಳ್ಲಿಲ್ಲ.’

ತುದಿಯಲ್ಲಿ ಕೂತಿದ್ದ ಹೊಸಕೋಟೆ ಕಡೆಯವರೊಬ್ಬರು ನಿಧಾನವಾಗಿ ತಲೆಯ ಮೇಲಿನ ಟೋಪಿ ತೆಗೆದರು. ತಲೆ ಬೋಳಾಗಿತ್ತು. ‘ತಲೆ ತಣ್ಣಗಾಗ್ಲಿ ಅಂತ ಘಾಟಿ ದೇವಸ್ಥಾನಕ್ಕೋಗಿ ಮುಡಿ ಕೊಟ್ಟು ಬಂದೆ ಕಣಣ್ಣ’ ಎಂದರು. ‘ಆಮೇಲೂ ಬೆವರ್ತು.’

ಯಾರೋ ನಕ್ಕರು. ಬೆಂಚು ಪೂರ್ತಿ ನಕ್ಕಿತು. ನಕ್ಕ ಮೇಲೆ ಒಬ್ಬರು ತಾನು ವರ್ಷದಿಂದ ಹೊರಗೆ ವರಾಂಡದಲ್ಲಿ ಮಲಗುತ್ತೇನೆ ಎಂದರು. ಇನ್ನೊಬ್ಬರು ಇವತ್ತು ಸೂಜಿ ಬೇಡ ಎಂದು ಹೇಳಿಬಿಟ್ಟು ಹೋಗಲೆಂದೇ ಬಂದಿದ್ದೆ ಎಂದರು.

ಮಾಮ ಅವರ ಮುಂದೆ ಹೋಗಿ, ಬೆನ್ನು ಬಗ್ಗಿಸಲಾಗದೆ, ನನ್ನ ಹೆಗಲ ಮೇಲೆ ಕೈಯೂರಿ ನಿಂತರು. ‘ಬಿಡ್ಬೇಡ್ರಪ್ಪ. ನಾನು ಬಿಟ್ಟೆ, ನೋಡು ಹೆಂಗಾಗಿದ್ದೀನಿ. ಬೆವರಿಗೆ ಬೇರೆ ಮಾತ್ರೆ ಐತೆ. ಒಳಗೋಗಿ ಕೇಳು. ನಾಚ್ಕೋಬೇಡ.’

ಸೂಜಿ ಬೇಡ ಎನ್ನಲು ಬಂದಿದ್ದವರು ಫೈಲನ್ನು ಕಂಕುಳಿಗೆ ಸೇರಿಸಿದರು. ಆಮೇಲೆ ಎದ್ದು, ತಮ್ಮ ಸರದಿ ಬರುವ ಮೊದಲೇ, ಡಾಕ್ಟರ ಬಾಗಿಲು ತಟ್ಟಿದರು.