ಹಾಳೂರಿನ ಮೇಲಿದ್ದ ಮನೆ

ಎರಡು ಸಾವಿರದ ಹದಿನಾಲ್ಕರ ಸುಮಾರಿಗೆ ನಾನು ದುಬೈಯ ದೇರಾ ಪ್ರದೇಶದ ಒಂದು ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವ ಕೆಲಸದಲ್ಲಿದ್ದೆ. ಅಲ್ಲಿ ಫೈಲುಗಳನ್ನು ನೋಡಿಕೊಳ್ಳುತ್ತಿದ್ದವರು ಗ್ರೀಸ್ ದೇಶದ ಒಬ್ಬ ಹೆಂಗಸು. ಅರವತ್ತರ ಹತ್ತಿರದವರು, ಮಾತು ಕಡಿಮೆ. ಒಂದು ದಿನ ಊಟದ ಹೊತ್ತಿಗೆ ನನ್ನ ಮೇಜಿಗೆ ಬಂದು, ಪ್ರವಾಸಿಗರಿಗೆ ಕೊಡುವ ಕರಪತ್ರವೊಂದನ್ನು ಬಿಚ್ಚಿ ಹರಡಿದರು. ಅದರಲ್ಲಿ ಕಡಲಂಚಿನ ಪುರಾತನ ಪಟ್ಟಣವೊಂದರ ಅವಶೇಷಗಳ ನಕ್ಷೆಯಿತ್ತು.

“ಇದರ ಮೇಲೆ ನನ್ನ ಮನೆ ಬಿಡಿಸಿಕೊಡ್ತೀರಾ?” ಎಂದರು.

ಎರಡೂವರೆ ಸಾವಿರ ವರ್ಷಗಳ ಹಿಂದೆ ಬೇರೊಂದು ನಗರದ ಕೆಲವು ಕುಟುಂಬಗಳು ಹಡಗಿನಲ್ಲಿ ಬಂದು ಆ ಪಟ್ಟಣ ಕಟ್ಟಿದ್ದವಂತೆ. ಎಣ್ಣೆ, ದ್ರಾಕ್ಷಾರಸ ತುಂಬಿದ ಮಣ್ಣಿನ ಹೂಜಿಗಳು ಅಲ್ಲಿಂದ ದೂರದೂರಕ್ಕೆ ಹೋಗುತ್ತಿದ್ದವು. ಆಮೇಲೆ ನದಿ ತಂದ ಹೂಳು ಬಂದರನ್ನು ಮುಚ್ಚಿತು. ಹಡಗು ಬರುವುದು ನಿಂತಿತು, ಜನ ಬಿಟ್ಟುಹೋದರು. ಎಷ್ಟೋ ಕಾಲದ ನಂತರ ಅದೇ ಮಣ್ಣಿನ ಮೇಲೆ ಇವರ ಹಿರಿಯರ ಮೀನುಗಾರ ಹಳ್ಳಿ ಬೆಳೆಯಿತು. ಇವರಿಗೆ ಒಂಬತ್ತು ವರ್ಷವಾಗಿದ್ದಾಗ, ಕೆಳಗೊಂದು ಪಟ್ಟಣವಿದೆಯೆಂದು ತಿಳಿದ ಸರಕಾರ ಹಳ್ಳಿಯನ್ನು ಗುಡ್ಡದಾಚೆ ಸಾಗಿಸಿ ಮನೆಗಳನ್ನು ಕೆಡವಿತು.

“ಈಗ ನನ್ನ ಅಡುಗೆಮನೆ ಇದ್ದಲ್ಲಿಗೆ ಹೋಗಲು ಟಿಕೆಟ್ ತೆಗೆದುಕೊಳ್ಳಬೇಕು,” ಎಂದು ನಕ್ಕರು. “ಆ ಹಳೆಯವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಬಿಟ್ಟುಹೋದವರೇ.”

ಹದಿನೈದು ದಿನ ಊಟದ ಹೊತ್ತಿನಲ್ಲಿ ಕೂತು ಬಿಡಿಸಿದೆವು. ಬಂದರಿನ ಉಗ್ರಾಣದ ಕಲ್ಲುಗೋಡೆಗಳ ಮೇಲೆ ಕೆಂಪು ಗೆರೆಯಲ್ಲಿ ಅವರ ಎರಡು ಕೋಣೆ, ಬಲೆ ಒಣಹಾಕುವ ಕಟ್ಟೆ, ಅಂಗಳದಲ್ಲಿ ರೊಟ್ಟಿ ಸುಡುವ ಒಲೆ ಎದ್ದವು. ಒಂದು ಕಿಟಕಿ ಎಲ್ಲಿತ್ತೆಂದು ಮಾತ್ರ ನೆನಪಾಗಲೊಲ್ಲದು. ಕೊನೆಗೆ ಅವರು ಕಣ್ಣು ಮುಚ್ಚಿ, ಹಾಸಿಗೆಯಲ್ಲಿ ಮಲಗಿದ್ದಾಗ ಗಾಳಿ ಯಾವ ಕೆನ್ನೆಗೆ ಬಡಿಯುತ್ತಿತ್ತೆಂದು ಯೋಚಿಸಿ, “ಇಲ್ಲಿ,” ಎಂದು ಬೆರಳಿಟ್ಟರು.

ಆ ವರ್ಷವೇ ಅವರು ಕೆಲಸ ಬಿಟ್ಟು, ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟರು. ಹೋಗುವ ದಿನ ಕೇಳಿದರು: “ನಿಮ್ಮದೂ ಕಡಲ ಊರು ತಾನೆ? ಮನೆ ಇದೆಯಾ?”

“ಇದೆ,” ಎಂದೆ. ಯಾಕೆ ಸುಳ್ಳು ಹೇಳಿದೆನೋ.

ಮಂಗಳೂರಿನ ಉತ್ತರಕ್ಕೆ, ಕಾರ್ಖಾನೆಗೆಂದು ನಮ್ಮ ಊರನ್ನೇ ಎಬ್ಬಿಸಿದಾಗ ನನಗೆ ಹನ್ನೊಂದು. ಆ ಜಾಗದಲ್ಲೀಗ ಎತ್ತರದ ಗೋಡೆಯಿದೆ, ಟಿಕೆಟ್ ತೆಗೆದುಕೊಳ್ಳುತ್ತೇನೆಂದರೂ ಒಳಗೆ ಬಿಡುವವರಿಲ್ಲ.

ಮುಂದಿನ ಶುಕ್ರವಾರ ಅಬುಧಾಬಿಗೆ, ಅಕ್ಕನ ಫ್ಲ್ಯಾಟಿಗೆ ಹೋಗಿ ಊಟದ ಮೇಜಿನ ಮೇಲೆ ದೊಡ್ಡ ಕಾಗದ ಹರಡಿದೆ. ಇಬ್ಬರೂ ಸೇರಿ ಚಾವಡಿ, ಎರಡು ಕೋಣೆ ಬಿಡಿಸುವವರೆಗೆ ಎಲ್ಲ ಸರಿಯಿತ್ತು.

“ಬಾವಿ ಅಡುಗೆಮನೆಯ ಹಿಂದೆ ಅಲ್ವಾ ಅಕ್ಕ?”

“ನಿಂಗೆ ಮಂಡೆ ಸಮ ಇಲ್ಲ ಮಾರಾಯ. ಬಾವಿ ಎದುರಿಗೆ ಇದ್ದದ್ದು. ನೀರು ಸೇದುವಾಗ ನಂಗೆ ದೋಣಿ ಕಾಣ್ತಿತ್ತು.”

“ಅದು ದೊಡ್ಡಮ್ಮನ ಮನೆ ಬಾವಿ.”

“ಅಲ್ಲಾಂದ್ರೆ ಅಲ್ಲ!”

ಕೇಳೋಣವೆಂದರೆ ಅಮ್ಮ ಬದುಕಿರಲಿಲ್ಲ. ಜಗಳದ ಸದ್ದಿಗೆ ಅಕ್ಕನ ಮಗಳು ಬಂದು ಇಣುಕಿದಳು. “ವಿಚ್ ಹೌಸ್, ಮಮ್ಮಿ?”

“ನಮ್ಮದು,” ಎಂದ ಅಕ್ಕ ನನ್ನ ಕೈಯಿಂದ ಪೆನ್ಸಿಲ್ ಕಸಿದುಕೊಂಡು, ಮನೆಯ ಎದುರಿಗೂ ಹಿಂದಕ್ಕೂ ಒಂದೊಂದು ಬಾವಿ ಬರೆದಳು. ಆಮೇಲೆ ಕಾಗದದ ಮೇಲೆ ಅಂಗೈ ಊರಿ ಕೂತಳು. ನಾನು ದುಬೈ ಬಸ್ಸಿಗೆ ಹೊರಡುವವರೆಗೂ ಅದನ್ನು ಮಡಚಲು ಬಿಡಲಿಲ್ಲ.